ಮಸಿ ಒರೆಸುವ ಬ್ರೆಡ್ಡು

ಮೊನ್ನೆ ನೆಂಟರ ಮನೆಯ ಗೃಹಪ್ರವೇಶಕ್ಕೆಂದು ತುಮಕೂರಿನಿಂದ ಗುಬ್ಬಿಗೆ ಹೋದಾಗ, ಹಳೇ ಬೇಕರಿಯಿಂದ ಬಿಸಿ ಬ್ರೆಡ್ಡಿನ ವಾಸನೆ ಬಂತು. ನಿಮಗಾದರೆ ಹಸಿವಾಗುತ್ತಿತ್ತೇನೋ. ನನಗೆ ನೆನಪಾದದ್ದು ಇದ್ದಿಲು.

ಗುಬ್ಬಿಯಲ್ಲಿ ಪಿಯುಸಿ ಓದುವಾಗ ನನಗೆ ಚಿತ್ರ ಬರೆಯುವ ಹುಚ್ಚು. ಕುಣಿಗಲ್ ಕಡೆಯ ಡ್ರಾಯಿಂಗ್ ಮೇಷ್ಟ್ರೊಬ್ಬರು ಹೇಳಿಕೊಡುತ್ತಿದ್ದರು. ಹುಣಸೆ ಕಡ್ಡಿಗಳನ್ನು ಹಳೇ ಡಬ್ಬಿಗೆ ತುಂಬಿ, ಬಾಯಿಗೆ ಮಣ್ಣು ಮೆತ್ತಿ, ಬಚ್ಚಲ ಒಲೆಯ ಕೆಂಡದಲ್ಲಿ ಹೂತಿಟ್ಟರೆ ಬರೆಯುವ ಇದ್ದಿಲು ಸಿದ್ಧ. ತಪ್ಪಾದರೆ ಒರೆಸುವುದಕ್ಕೆ ಬ್ರೆಡ್ಡು. ರಬ್ಬರು ಬರುವ ಮೊದಲು ಚಿತ್ರ ಬರೆಯುವವರು ಹೀಗೇ ಒರೆಸುತ್ತಿದ್ದರಂತೆ. ಮೆತ್ತನೆಯ ತಿರುಳನ್ನು ಉಂಡೆ ಮಾಡಿ ಒತ್ತಿದರೆ ಕಾಗದ ಹರಿಯದೆ ಮಸಿ ಮೇಲೇಳುತ್ತದೆ. ನಾನು ಮಹಾ ಜಾಣೆ, ಮೊದಲ ಸಲ ಸಿಹಿ ಬನ್ನು ಉಜ್ಜಿದೆ. ಮಾರನೇ ದಿನ ನೋಡಿದರೆ ಚಿತ್ರದ ತುಂಬ ಇರುವೆ.

ಆಗ ನಮ್ಮ ಬೀದಿಯಲ್ಲಿ ಬ್ರೆಡ್ಡು ಎಂದರೆ ಜ್ವರ ಬಂದವರ ಊಟ. ವಾರಕ್ಕೆರಡು ಸಲ ಕೊಂಡರೆ ಜನ ಸುಮ್ಮನಿರುತ್ತಾರೆಯೇ? ಚಿತ್ರ ಬಿಟ್ಟು ಪರೀಕ್ಷೆಗೆ ಓದು ಎಂದು ಅಪ್ಪ ಕಟ್ಟಪ್ಪಣೆ ಮಾಡಿದ್ದರಿಂದ ನಾನು ಕದ್ದು ಬರೆಯುತ್ತಿದ್ದೆ. ಒಂದು ಸಂಜೆ ಬೇಕರಿಯವರು ಅಪ್ಪನನ್ನು ನಿಲ್ಲಿಸಿ, ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಎಂದು ವಿಚಾರಿಸಿದರಂತೆ. ಅಪ್ಪ ಗಾಬರಿಯಿಂದ ಬಂದವರೇ ನನ್ನ ಹಣೆ ಮುಟ್ಟಿ ನೋಡಿದರು. ಮಂಚದ ಮೇಲೆ ಅವರದೇ ಮುಖ, ಅರ್ಧ ಬರೆದದ್ದು. ಪಕ್ಕದಲ್ಲಿ ಕಪ್ಪಾದ ಬ್ರೆಡ್ಡಿನ ಉಂಡೆಗಳು. ಎಲ್ಲ ಹೇಳಿಬಿಟ್ಟೆ. ಇನ್ನು ಕಾಗದವೆಲ್ಲ ಒಲೆಗೇ ಎಂದುಕೊಂಡೆ.

ಅಪ್ಪ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. “ನನ್ ಮೂಗು ಇಷ್ಟ್ ದಪ್ಪ ಇಲ್ಲ ಕಣೇ. ಒರೆಸು,” ಎಂದರು.

ಅಷ್ಟೇ. ಬರೆ ಎನ್ನಲಿಲ್ಲ, ಬಿಡು ಎನ್ನಲೂ ಇಲ್ಲ. ಆದರೆ ಮಾರನೇ ದಿನದಿಂದ ಬ್ರೆಡ್ಡು ಅವರೇ ತಂದರು. ಅಂಚನ್ನು ಅವರು ಟೀಗೆ ಅದ್ದಿ ತಿನ್ನುವುದು, ತಿರುಳು ನನಗೆ. ಪರೀಕ್ಷೆಯೂ ಪಾಸಾಯಿತು, ಮುಂದೆ ನಾನು ಡ್ರಾಯಿಂಗ್ ಟೀಚರೇ ಆಗಿ, ಹೋದ ವರ್ಷ ರಿಟೈರ್ ಆದೆ.

ಮೊನ್ನೆ ಗಲ್ಲಾದಲ್ಲಿ ಆ ಬೇಕರಿಯವರೇ ಕೂತಿದ್ದರು, ತಲೆ ಪೂರ್ತಿ ಬೆಳ್ಳಗಾಗಿದೆ. ನನ್ನ ಗುರುತು ಹಿಡಿದರು. ಅಪ್ಪ ಈಗಿಲ್ಲ ಎಂದು ತಿಳಿದು ಲೊಚಗುಟ್ಟಿದರು. “ಪಾಪ, ಅವ್ರಿಗೆ ಯಾವಾಗ್ಲೂ ಹೊಟ್ಟೆ ಸರಿ ಇರ್ತಿರ್ಲಿಲ್ಲ ಅಲ್ವೇನಮ್ಮ? ಬ್ರೆಡ್ ಬಿಟ್ರೆ ಬೇರೆ ಏನೂ ಒಗ್ಗಲ್ಲ ಅನ್ನೋರು.”

ಅಪ್ಪ ದಿನಾ ಮುದ್ದೆ ಉಂಡು ಅರಗಿಸಿಕೊಂಡ ಮನುಷ್ಯ. ಗಟ್ಟಿ ಆಳು ಎನ್ನಿಸಿಕೊಳ್ಳುವುದೆಂದರೆ ಅವರಿಗೆ ಬಲು ಹೆಮ್ಮೆ. ತಿನ್ನುವ ಪದಾರ್ಥವನ್ನು ಕಾಗದಕ್ಕೆ ಉಜ್ಜುತ್ತಾಳೆಂದು ಊರವರು ನನ್ನನ್ನು ಆಡಿಕೊಳ್ಳದಿರಲಿ ಎಂದು ತಾವೇ ರೋಗಿಷ್ಟರಾಗಿದ್ದರು. ನನಗೊಂದು ಮಾತು ಹೇಳಿರಲಿಲ್ಲ. ನಗು ಬಂತು.

“ಇಲ್ಲ ಕಣಣ್ಣ, ನಮ್ಮಪ್ಪ ಗಟ್ಟಿಮುಟ್ಟಾಗೇ ಇದ್ರು,” ಎಂದೆ. “ಆ ಬ್ರೆಡ್ಡೆಲ್ಲ ನನ್ ಚಿತ್ರಕ್ಕೆ ತರ್ತಿದ್ರು.”