ಹಾರದ ಕೊಬ್ಬರಿಯೂ ನಸೀಮಾಳ ಕ್ಯಾಮೆರಾವೂ

ಅದು ಎರಡು ಸಾವಿರದ ಹದಿನೇಳನೆಯ ಇಸವಿ. ನನಗಾಗ ನಲವತ್ತಾರು ವರ್ಷ. ಹೀಗೆ ಇಸವಿ ಹೇಳದೆ ಬಾಯಿ ತೆರೆಯಲಾಗದಿರುವುದು ಮೇಷ್ಟರ ಚಾಳಿ, ಸಹಿಸಿಕೊಳ್ಳಿ. ನಾನು ಕೆಲಸ ಬಿಟ್ಟರೂ ಚಾಳಿ ನನ್ನನ್ನು ಬಿಟ್ಟಿಲ್ಲ. ನಿನ್ನೆ ಒಂದು ಮದುವೆಯಲ್ಲಿ ಛಾಯಾಗ್ರಾಹಕನು ವರನ ಕೈಗಳನ್ನು ಹಾರಸಮೇತ ಗಾಳಿಯಲ್ಲಿ ತಡೆದು ನಿಲ್ಲಿಸಿದ್ದನ್ನು ಕಂಡೆ. ಒಡನೆಯೇ ನಸೀಮಾ ನೆನಪಾದಳು.

ನಸೀಮಾ ತಿಪಟೂರಿನ ನಮ್ಮ ಪ್ರೌಢಶಾಲೆಯಲ್ಲಿ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿ, ತಂದೆ ದರ್ಜಿ. ಶಾಲೆಯ ಪುಟ್ಟ ಕ್ಯಾಮೆರಾ ಅವಳ ಕೈಸೇರಿದ ಮೇಲೆ ಕ್ರೀಡಾಕೂಟವೇನು, ಬಿಸಿಯೂಟದ ಪಂಕ್ತಿಯೇನು, ಎಲ್ಲವೂ ಸೂಚನಾಫಲಕಕ್ಕೆ ಏರತೊಡಗಿದವು. ತೆಂಗಿನಕಾಯಿ ಸುಲಿಯುವ ಕೆಲಸ ಮುಗಿಸಿ ಬರುತ್ತಿದ್ದ ತಾಯಂದಿರು ತಮ್ಮ ಮಕ್ಕಳನ್ನು ಆ ಫಲಕದಲ್ಲಿ ಹುಡುಕಿ ನೋಡಿ ಹೋಗುತ್ತಿದ್ದರು. ಅವಳದು ಒಂದೇ ಹಟ: ಯಾರನ್ನೂ ನಿಲ್ಲಿಸಿ ಚಿತ್ರ ತೆಗೆಯುವವಳಲ್ಲ.

“ನಿಲ್ಸಿದ್ರೆ ಎಲ್ರೂ ಒಂದೇ ಥರ ಕಾಣ್ತಾರೆ ಸರ್,” ಎನ್ನುತ್ತಿದ್ದಳು.

ಅಡಿಬರಹಗಳ ಹೊಣೆ ನನ್ನದು. ಕರ್ತೃ, ಕರ್ಮ, ಕ್ರಿಯೆಗಳು ನೆಟ್ಟಗಿಲ್ಲದ ಒಂದು ವಾಕ್ಯವನ್ನೂ ನಾನು ಆ ಫಲಕಕ್ಕೆ ಹತ್ತಗೊಟ್ಟವನಲ್ಲ. ಚಿತ್ರಗಳಿಗಿಂತ ಅಡಿಬರಹಗಳನ್ನೇ ಜನ ಮೆಚ್ಚುತ್ತಾರೆಂಬ ನಂಬಿಕೆಯೂ ನನಗಿತ್ತು.

ಆ ಡಿಸೆಂಬರಿನ ವಾರ್ಷಿಕೋತ್ಸವದಲ್ಲಿ ಶಾಲಾ ಸಮಿತಿಯ ಅಧ್ಯಕ್ಷರಾದ ರುದ್ರಪ್ಪನವರಿಗೆ ಸನ್ಮಾನವಾಯಿತು. ಅವರು ಕೊಬ್ಬರಿ ಮಂಡಿಯ ಮಾಲೀಕರು. ನಮ್ಮ ಕಡೆಯ ರೂಢಿಯಂತೆ ಕೊರಳಿಗೆ ಕೊಬ್ಬರಿ ಬಟ್ಟಲುಗಳ ಹಾರ ಬಿತ್ತು. ಮುಂದಿನದು ವೃತ್ತಿಯ ಅಭ್ಯಾಸ. ಮುಖ್ಯೋಪಾಧ್ಯಾಯಿನಿಯವರು ಅಭಿನಂದನೆ ಓದುತ್ತಿದ್ದಂತೆ ಅಧ್ಯಕ್ಷರು ಎದೆಯ ಮೇಲಿನ ಬಟ್ಟಲೊಂದಕ್ಕೆ ಉಗುರೂರಿ, ಮೂಗಿನ ಬಳಿ ಹಿಡಿದು, ಹುಬ್ಬು ಗಂಟಿಕ್ಕಿದರು. ನಸೀಮಾ ಗುಂಡಿ ಒತ್ತಿದಳು. “ಸನ್ಮಾನಿತರು ಹಾರವನ್ನು ಪರಿಶೀಲಿಸುತ್ತಿರುವುದು” ಎಂದು ನಾನು ಬರೆದೆ. ವಾಕ್ಯದಲ್ಲಿ ದೋಷವಿಲ್ಲ, ಇಂದಿಗೂ ಇಲ್ಲ.

ಮರುದಿನವೇ ರುದ್ರಪ್ಪನವರು ಶಾಲೆಗೆ ಬಂದರು.

“ಏನ್ರೀ ಮೇಷ್ಟ್ರೇ, ಮರ್ಯಾದೆ ಮಾಡಕ್ಕೆ ಕರೆದ್ರೆ ಅಲ್ಲೂ ಯಾಪಾರಕ್ಕೆ ಕೂತವ್ನೆ ಅಂತ ಮಂಡಿ ಹೈಕ್ಳೆಲ್ಲ ಆಡ್ಕೊಂಡು ನಗ್ತಾವೆ.”

ಚಿತ್ರ ಇಳಿಯಿತು, ಆದರೆ ಅಷ್ಟರಲ್ಲಿ ಅದು ಹತ್ತಾರು ಮೊಬೈಲುಗಳನ್ನು ಸೇರಿಯಾಗಿತ್ತು. ಕ್ಯಾಮೆರಾ ಬೀರುವಿಗೆ ಹೋಯಿತು. ಅಧ್ಯಕ್ಷರ ಕ್ಷಮೆ ಕೇಳದ ಹೊರತು ಗಣರಾಜ್ಯೋತ್ಸವದ ಚಿತ್ರಗಳನ್ನು ಸ್ಟುಡಿಯೋದವರೇ ತೆಗೆಯತಕ್ಕದ್ದು ಎಂದಾಯಿತು.

“ಕ್ಯಾಮೆರಾ ಕೊಡಿ ಅಂತ ಕೇಳ್ತೀನಿ ಸರ್. ತಪ್ಪಾಯ್ತು ಅನ್ನಲ್ಲ. ಅವ್ರು ಮಾಡಿದ್ದನ್ನೇ ತಾನೇ ತೆಗ್ದಿದ್ದು?” ಎಂದಳು ನಸೀಮಾ. ಜನವರಿಯ ಒಂದು ಶನಿವಾರ, ಶಾಲೆ ಬಿಟ್ಟ ಮೇಲೆ, ಅವಳನ್ನು ಕರೆದುಕೊಂಡು ಮಂಡಿಗೆ ಹೋದೆ. ದಾರಿಯುದ್ದಕ್ಕೂ ವಿಜ್ಞಾಪನೆಯ ವಾಕ್ಯಗಳನ್ನು ಮನಸ್ಸಿನಲ್ಲೇ ತಿದ್ದುತ್ತಿದ್ದೆ. ಒಂದೂ ಬೇಕಾಗಲಿಲ್ಲ.

ಅಲ್ಲಿ ಕಂದಿಕೆರೆಯ ಬೆಳೆಗಾರರೊಬ್ಬರು ತಮ್ಮ ಚೀಲಗಳ ಮೇಲೆ ಕುಳಿತು ರುದ್ರಪ್ಪನವರನ್ನು ಕೆಣಕುತ್ತಿದ್ದರು.

“ಫೋಟೋ ನೋಡ್ದೆ ಕಣಪ್ಪ. ಕೊರಳ್ಗೆ ಹಾಕಿದ್ ಹಾರನೂ ಬುಡ್ಲಿಲ್ವಲ್ಲಯ್ಯ ನೀನು.”

“ಅದನ್ನ ಹೇಳಕ್ಕೆ ಅಷ್ಟು ದೂರದಿಂದ ಬಂದ್ಯಾ?”

“ಅದ್ನ ನೋಡೇ ಮಾಲು ತಂದಿವ್ನಿ. ನಂದು ಚೆನ್ನಾಗಿ ಒಣಗಿರೋ ಕೊಬ್ರಿ. ಕಣ್ಮುಚ್ಕೊಂಡು ತೂಗೋರ್‍ಗೆ ಹಸೀದೂ ಒಂದೇ, ಒಣಗಿದ್ದೂ ಒಂದೇ. ಬಿಟ್ಟಿ ಹಾರನೂ ಮೂಸಿ ನೋಡೋನು ನನ್ನ ಮಾಲಿಗೆ ಬೆಲೆ ಕಟ್ತಾನೆ ಅಂತ ಬಂದೆ.”

ರುದ್ರಪ್ಪನವರು ಮೀಸೆ ನೀವಿಕೊಂಡರು. ಆಮೇಲೆ ನಸೀಮಾಳ ಕಡೆ ತಿರುಗಿದರು.

“ಅಷ್ಟು ಹತ್ರದಿಂದ ತೆಗ್ದಿದ್ದೀಯಲ್ಲಮ್ಮ, ಆ ಹಾರದ ಕೊಬ್ರಿ ಹೆಂಗಿತ್ತು ಹೇಳು ನೋಡೋಣ.”

“ಹಸಿ ಇತ್ತು ಸರ್. ಫೋಟೋದಲ್ಲಿ ನಿಮ್ ಮುಖದ ಮೇಲೇ ಇದೆ.”

ಮೊದಲು ಬೆಳೆಗಾರರು ನಕ್ಕರು, ಬಳಿಕ ಹಮಾಲರು, ಕೊನೆಗೆ ರುದ್ರಪ್ಪನವರು. “ಹಸೀನೇ ಕಣಮ್ಮ. ಯಾವನೋ ನಿಮ್ಮ ಮೇಡಮ್ಮಿಗೆ ಟೋಪಿ ಹಾಕವ್ನೆ,” ಎನ್ನುತ್ತ ಶಾಲೆಗೆ ಫೋನು ಮಾಡಿ ಬೀರು ತೆಗೆಯಲು ಹೇಳಿದರು. ಆ ಚಿತ್ರವನ್ನು ದೊಡ್ಡದು ಮಾಡಿಸಿ ತಮಗೊಂದು ಕೊಡಬೇಕೆಂದೂ ಸೇರಿಸಿದರು.

ಅದು ಈಗಲೂ ಮಂಡಿಯ ಗೋಡೆಯ ಮೇಲಿದೆ, ನನ್ನ ವಾಕ್ಯಸಮೇತ. ಆ ಬೀದಿಯಲ್ಲಿ ಹೋದಾಗಲೆಲ್ಲ ಒಳಗೆ ಇಣುಕುತ್ತೇನೆ; ಮೊದಲು ಮುಖವನ್ನು ನೋಡುತ್ತೇನೆ, ಅಡಿಬರಹವನ್ನು ಆಮೇಲೆ. ಕ್ಯಾಮೆರಾ ನಸೀಮಾಳ ಕೈಗೆ ಮರಳಿದ್ದು ಎರಡು ಸಾವಿರದ ಹದಿನೆಂಟನೆಯ ಇಸವಿ, ಜನವರಿ ಇಪ್ಪತ್ತನೆಯ ತಾರೀಖು.