ಮೊದಲ ಕೈ

ಬೆಳಗಿನ ಐದೂವರೆ. ಬೀದಿ ದೀಪಗಳು ಇನ್ನೂ ಆರಿಲ್ಲ. ಮೂಲೆಮನೆಯ ಮುಂದೆ ತಳ್ಳುಗಾಡಿ ನಿಲ್ಲುತ್ತದೆ. ಗಾಡಿಯಲ್ಲಿ ಎರಡು ಡ್ರಮ್ಮು, ಒಂದು ಹಸಿ ಕಸಕ್ಕೆ, ಇನ್ನೊಂದು ಒಣ ಕಸಕ್ಕೆ. ಗಾಡಿ ತಳ್ಳುವ ಹೆಂಗಸು ಗೇಟಿಗೆ ನೇತುಹಾಕಿದ ಚೀಲ ತೆಗೆದುಕೊಳ್ಳುತ್ತಾರೆ, ಆದರೆ ತಕ್ಷಣ ಡ್ರಮ್ಮಿಗೆ ಹಾಕುವುದಿಲ್ಲ. ದೀಪದ ಬೆಳಕಿಗೆ ಹಿಡಿದು ಸುತ್ತ ತಿರುಗಿಸಿ ನೋಡುತ್ತಾರೆ. ಮೆಲ್ಲಗೆ ಅಲ್ಲಾಡಿಸಿ ಕಿವಿಗೊಡುತ್ತಾರೆ. ಅಲ್ಲಿಯವರೆಗೆ ಹಿಡಿದಿದ್ದ ಉಸಿರನ್ನು ಬಿಡುವುದು ಆಮೇಲೆ.

"ಇದು ಸರಿ ಇದೆ," ಎಂದು ತಮಗೆ ತಾವೇ ಹೇಳಿಕೊಂಡು ನನ್ನ ಕಡೆ ತಿರುಗುತ್ತಾರೆ. "ಹೀಗೆ ಇನ್ನೂರ ಹನ್ನೆರಡು ಮನೆ ಸಾರ್. ಪೇಪರಿಗೆ ಬರೀಬೇಕು, ಜೊತೇಲಿ ಬರ್ತೀನಿ ಅಂದ್ರಲ್ಲ, ಬನ್ನಿ. ಆದ್ರೆ ಈ ಚಪ್ಪಲಿ ಸಾಲದು. ಬೂಟು ಹಾಕ್ಕೊಂಡು ಬರಬೇಕಿತ್ತು." ನಾನು ನನ್ನ ಚಪ್ಪಲಿ ನೋಡಿಕೊಳ್ಳುತ್ತೇನೆ. ಆಮೇಲೆ ಇಡೀ ದಾರಿ ನೆಲ ನೋಡಿಕೊಂಡೇ ನಡೆಯುತ್ತೇನೆ.

ಈ ಮೂರು ಬೀದಿಯಲ್ಲಿ ಎಲ್ಲರೂ ಇವರನ್ನು ಕರೆಯುವುದು 'ಒಣಕ್ಕ' ಎಂದು. ಆಳು ಒಣಕಲಾಗಿ ಇರುವುದಕ್ಕಲ್ಲ. ಏಳು ವರ್ಷದ ಹಿಂದೆ ಬಾಗಿಲು ಬಾಗಿಲು ತಟ್ಟಿ, "ಒಣ ಬೇರೆ ಇಡಿ, ಹಸಿ ಬೇರೆ ಇಡಿ" ಎಂದು ಗಂಟಲು ಹರಿದುಕೊಂಡದ್ದಕ್ಕೆ ಬಿದ್ದ ಹೆಸರು. ಆಗ ಮುಖದ ಮೇಲೆ ಬಾಗಿಲು ಹಾಕಿದವರಿದ್ದರು. "ನಿನ್ನ ಕೆಲಸ ನಮ್ಮ ತಲೆಗೆ ಯಾಕೆ ಕಟ್ತೀಯಾ?" ಎಂದು ಜಗಳಕ್ಕೆ ನಿಂತವರಿದ್ದರು. ಒಬ್ಬರಂತೂ ನಾಯಿಯನ್ನೇ ಬಿಟ್ಟರು. "ನಾಯೀನೇ ವಾಸಿ ಸಾರ್. ಮೂರು ದಿನಕ್ಕೆ ಬಾಲ ಅಲ್ಲಾಡಿಸ್ತು. ಅದರ ಯಜಮಾನರಿಗೆ ಮೂರು ವರ್ಷ ಬೇಕಾಯ್ತು."

ಉಪದೇಶ ಯಾರ ಕಿವಿಗೂ ಬೀಳಲಿಲ್ಲ. ಹಂಚಿದ ಕರಪತ್ರ ಮರುದಿನ ಕಸದ ಚೀಲದಲ್ಲೇ ವಾಪಸು ಬಂತು. ಕೊನೆಗೆ ಒಣಕ್ಕ ತಾವೇ ಒಂದು ಮಾತು ಕಟ್ಟಿದರು: 'ಕೈಗೆ ಒದ್ದೆ ಹತ್ತಿದ್ರೆ ಹಸಿ, ಹತ್ತದಿದ್ರೆ ಒಣ.' ಅಷ್ಟೇ. ಅಜ್ಜಿಯಂದಿರಿಗೂ ಅರ್ಥವಾಯಿತು, ಮಕ್ಕಳು ಹಗ್ಗ ಹಾರುವಾಗ ಹಾಡಿಕೊಂಡವು. ಇವತ್ತು ನೂರ ತೊಂಬತ್ತು ಮನೆಗಳು ಕಸ ಬೇರೆ ಮಾಡಿಯೇ ಕೊಡುತ್ತವೆ. ದಿನಕ್ಕೆ ಸುಮಾರು ತೊಂಬತ್ತು ಕೆಜಿ ಒಣ ಕಸ ಊರಾಚೆಯ ಗುಡ್ಡೆ ಸೇರದೆ ಮತ್ತೆ ಬಳಕೆಗೆ ಹೋಗುತ್ತದೆ. ಇಷ್ಟು ಮಾಡಿದವರು ಯಾರೇ ಆಗಲಿ, ಸ್ವಲ್ಪ ಬೀಗಿದರೆ ತಪ್ಪಿಲ್ಲ. ಒಣಕ್ಕ ಬೀಗುವುದಿಲ್ಲ. ಮೂರು ತಿಂಗಳಿಂದ ಆ ಮಾತನ್ನು ಬಾಯಲ್ಲಿ ಆಡಿಯೂ ಇಲ್ಲ. ನನಗೆ ಅದನ್ನು ಹೇಳಿಕೊಟ್ಟದ್ದು ಹಾಲು ಹಾಕುವವರು.

ಎರಡನೇ ಬೀದಿಯಲ್ಲಿ ಹಲ್ಲುಜ್ಜುತ್ತಾ ಗೇಟಿಗೆ ಜೋತುಬಿದ್ದ ಒಂದು ಪುಟ್ಟ ಹುಡುಗಿ ಇವರನ್ನು ಕಂಡದ್ದೇ, "ಕೈಗೆ ಒದ್ದೆ ಹತ್ತಿದ್ರೆ..." ಎಂದು ರಾಗ ತೆಗೆಯುತ್ತದೆ. ಒಣಕ್ಕನ ಮುಖ ಸಪ್ಪಗಾಗುತ್ತದೆ. "ಅದು ಬೇಡ ಮರಿ, ಹಳೇದಾಯ್ತು. ಹೊಸದು ಹೇಳು ನೋಡೋಣ. ಚುಚ್ಚೋದು ಕೊಯ್ಯೋದು ಗಟ್ಟಿ ಡಬ್ಬಿಗೆ." ಹುಡುಗಿ ಬಾಯ್ತುಂಬ ನೊರೆ ಇಟ್ಟುಕೊಂಡೇ ಮೂತಿ ತಿರುಗಿಸುತ್ತದೆ. "ಅದು ಹಾಡಕ್ಕೆ ಚೆನ್ನಾಗಿಲ್ಲ."

ಮೂರನೇ ಬೀದಿಯ ಕೊನೆಯಲ್ಲಿ ನಿವೃತ್ತ ಟೀಚರಮ್ಮನ ಮನೆ. ಒಬ್ಬರೇ ಇರುತ್ತಾರೆ. ಒಣಕ್ಕನ ಮೊದಲ ಶಿಷ್ಯೆ ಅವರೇ, ಆಮೇಲೆ ಇಡೀ ಬೀದಿಗೆ ಪಾಠ ಹೇಳಿದವರೂ ಅವರೇ. ಅವರ ಚೀಲ ನೋಡಿದರೆ ಕಸ ಎನ್ನಲು ಮನಸ್ಸು ಬರುವುದಿಲ್ಲ. ಹಾಲಿನ ಪ್ಯಾಕೆಟ್ಟುಗಳನ್ನು ತೊಳೆದು, ಒಣಗಿಸಿ, ತ್ರಿಕೋನಾಕಾರ ಮಡಿಸಿ, ತುದಿಯನ್ನು ಒಳಗೆ ಸಿಗಿಸಿ ಇಟ್ಟಿರುತ್ತಾರೆ. ಒಣಕ್ಕ ಆ ಚೀಲವನ್ನು ಡ್ರಮ್ಮಿಗೆ ಹಾಕದೆ ಗಾಡಿಯ ಹಿಡಿಕೆಗೆ ನೇತುಹಾಕುತ್ತಾರೆ. ಏನಾಯಿತೆಂದು ಕೇಳಿದರೆ ಗಾಡಿಯನ್ನು ನಾಲ್ಕು ಮನೆ ಮುಂದಕ್ಕೆ ತಳ್ಳಿಕೊಂಡು ಹೋಗಿ, ದನಿ ತಗ್ಗಿಸಿ ಹೇಳುತ್ತಾರೆ. "ಬರೀಬೇಡಿ ಸಾರ್. ಆದ್ರೆ ಯಾರಿಗಾದ್ರೂ ಹೇಳದೆ ಹೋದ್ರೆ ನನಗೆ ಹುಚ್ಚು ಹಿಡಿಯುತ್ತೆ."

ಒಣ ಕಸವೆಲ್ಲ ಹೋಗುವುದು ತಗಡಿನ ಶೆಡ್ಡಿಗೆ. ಅಲ್ಲಿ ಉದ್ದನೆಯ ಮೇಜಿನ ಮೇಲೆ ಅದನ್ನು ಸುರಿದು ಆರು ಹೆಂಗಸರು ವಿಂಗಡಿಸುತ್ತಾರೆ. ಅವರಲ್ಲಿ ಒಬ್ಬರು ಒಣಕ್ಕನ ನಾದಿನಿ, ಗಂಡನ ತಂಗಿ. ಆಕೆಯನ್ನು ಈ ಕೆಲಸಕ್ಕೆ ಕರೆತಂದದ್ದೂ ಒಣಕ್ಕನೇ. ಮೂರು ತಿಂಗಳ ಹಿಂದೆ ಒಂದು ಚೀಲದ ಗಂಟು ಬಿಚ್ಚಿ ಕೈ ಹಾಕಿದಾಗ ನಾದಿನಿಯ ಎಡಗೈ ಬೆರಳಿಗೆ, ರಬ್ಬರ್ ಗ್ಲೌಸು ದಾಟಿ, ಯಾರೋ ಚುಚ್ಚಿಕೊಂಡು ಬಿಸಾಕಿದ್ದ ಇಂಜೆಕ್ಷನ್ ಸೂಜಿ ನೆಟ್ಟಿತು. ಬಂದದ್ದು ಒಂದು ತೊಟ್ಟು ರಕ್ತ. ಆಸ್ಪತ್ರೆಗೆ ಓಡಿದರು. ಡಾಕ್ಟರು ಮೊದಲು ಕೇಳಿದ್ದೇ, "ಯಾರು ಚುಚ್ಚಿಕೊಂಡ ಸೂಜಿ? ಗೊತ್ತಿದ್ದರೆ ಕರ್ಕೊಂಡು ಬನ್ನಿ, ಅವರ ರಕ್ತ ನೋಡಿದ್ರೆ ಅರ್ಧ ಚಿಂತೆ ಹೋಗುತ್ತೆ."

"ಗೊತ್ತಿಲ್ಲ ಅಂದೆ ಸಾರ್," ಎನ್ನುತ್ತಾರೆ ಒಣಕ್ಕ. "ಗೊತ್ತಿತ್ತು. ಆ ಚೀಲದಲ್ಲಿ ತ್ರಿಕೋನದ ಪ್ಯಾಕೆಟ್ಟು ಇದ್ದವು. ಟೀಚರಮ್ಮನಿಗೆ ಸಕ್ಕರೆ ಕಾಯಿಲೆ. ಇಂಜೆಕ್ಷನ್ ಶುರು ಮಾಡಿ ಒಂದು ವಾರ ಆಗಿತ್ತು ಅಷ್ಟೇ. ಅವರದ್ದೇನು ತಪ್ಪು? ಸೂಜಿ ಮುಟ್ಟಿದ್ರೆ ಒದ್ದೆ ಹತ್ತುತ್ತಾ? ಹತ್ತಲ್ಲ. ನಾನು ಹೇಳಿದ ಹಾಗೇ ಒಣಕ್ಕೆ ಹಾಕಿದ್ದರು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಗಾದೆಯನ್ನು ನಾನು ನೂರು ಸಲ ಬರೆದಿದ್ದೇನೆ. ಅದರ ಭಯ ಏನೆಂದು ನೋಡಿದ್ದು ಆ ಬೀದಿಯಲ್ಲಿ, ಒಣಕ್ಕನ ಕಣ್ಣಲ್ಲಿ.

ಆದರೂ ನನಗೆ ಸಿಟ್ಟು ಬಂತು, ಮುಚ್ಚಿಡುವುದಿಲ್ಲ. ಬಾಯಿಬಿಟ್ಟು ಹೇಳಿದ್ದರೆ ನಿಮ್ಮ ನಾದಿನಿ ಇಪ್ಪತ್ತೆಂಟು ದಿನ ಎಚ್‌ಐವಿ ತಡೆಯುವ ಮಾತ್ರೆ ನುಂಗಿ ವಾಂತಿ ಮಾಡಿಕೊಳ್ಳುವುದು ಬಹುಶಃ ತಪ್ಪುತ್ತಿತ್ತು, ಅಲ್ಲವೇನ್ರೀ ಎಂದು ಕೇಳಿಯೇಬಿಟ್ಟೆ. ಒಣಕ್ಕ ತಲೆ ತಗ್ಗಿಸಲಿಲ್ಲ. "ಹೌದು. ಅವತ್ತು ಹೆದರಿಬಿಟ್ಟೆ. ಟೀಚರಮ್ಮನ್ನ ಆಸ್ಪತ್ರೆಗೆ ಎಳೆದ್ರೆ ಬೀದಿಯವರೆಲ್ಲ ಇದರ ಸಹವಾಸವೇ ಬೇಡ ಅಂತ ಮೊದಲಿನ ಹಾಗೆ ಒಂದೇ ಚೀಲಕ್ಕೆ ತುಂಬ್ತಾರೆ ಅಂತ ಹೆದರಿದೆ. ನಾದಿನಿಗೆ ಚುಚ್ಚಿದ್ದು ನನ್ನ ಮಾತು ಅಂತ ಅವಳಿಗೆ ಗೊತ್ತಾಗುತ್ತೆ ಅಂತ ಅದಕ್ಕಿಂತ ಹೆದರಿದೆ. ಆಮೇಲೆ ದಿನಾ ಹೇಳಬೇಕು ಅಂತ ಬಾಯಿ ತೆರೀತಿದ್ದೆ, ನಾಲಿಗೆ ಏಳ್ತಿರಲಿಲ್ಲ." ಆ ವಾರವೇ ಇನ್ನೂರ ಹನ್ನೆರಡು ಮನೆಗೂ ಹೋಗಿ ಸೂಜಿ, ಬ್ಲೇಡು, ಒಡೆದ ಗಾಜಿಗೆ ಮುಚ್ಚಳವಿರುವ ಗಟ್ಟಿ ಡಬ್ಬಿ ಬೇರೆ ಇಡಿ ಎಂದು ಬೇಡಿಕೊಂಡು ಬಂದರು. ಟೀಚರಮ್ಮ ಗಾಬರಿಯಾಗಿ, "ಯಾರಿಗಾದರೂ ಚುಚ್ಚಿತೇನಮ್ಮ?" ಎಂದು ಕೇಳಿದರಂತೆ. ಇಲ್ಲಮ್ಮ ಎಂದರಂತೆ.

ಆರು ವಾರಕ್ಕೆ ಮಾಡಿದ ಪರೀಕ್ಷೆಯಲ್ಲಿ ನಾದಿನಿಗೆ ಎಚ್‌ಐವಿ, ಎರಡು ಬಗೆಯ ಕಾಮಾಲೆ ಸೋಂಕು, ಈ ಮೂರರಲ್ಲಿ ಯಾವುದೂ ಕಂಡಿರಲಿಲ್ಲ. ಮೂರು ತಿಂಗಳದ್ದೇ ಕೊನೆಯ ಮಾತು ಎಂದಿದ್ದಾರೆ ಡಾಕ್ಟರು. ಆ ರಿಪೋರ್ಟ್ ಬರುವುದು ಇವತ್ತು, ಹನ್ನೊಂದು ಗಂಟೆಗೆ.

ಎಂಟೂವರೆಗೆ ಶೆಡ್ಡು ತಲುಪುತ್ತೇವೆ. ಮೇಜಿನ ಆ ಕಡೆ ನಾದಿನಿ ನಿಂತಿದ್ದಾರೆ, ಕೈಕಟ್ಟಿಕೊಂಡು. ಪ್ಲಾಸ್ಟಿಕ್ಕನ್ನು ಬೆರಳಲ್ಲಿ ಒಮ್ಮೆ ಮುದುಡಿದರೆ ಸಾಕು, ಸದ್ದಿನಲ್ಲೇ ಯಾವ ಜಾತಿಯದೆಂದು ಹೇಳುವವರು. ಆದರೆ ಅಂದಿನಿಂದ ಒಣಕ್ಕ ಒಂದು ಕಟ್ಟಳೆ ಮಾಡಿದ್ದಾರೆ. ಯಾವ ಚೀಲವಾದರೂ ಸರಿ, ಮೊದಲ ಕೈ ತಮ್ಮದೇ. ವೆಲ್ಡಿಂಗ್ ಕೆಲಸದವರು ಹಾಕುವ ದಪ್ಪ ಚರ್ಮದ ಗ್ಲೌಸು ತೊಟ್ಟು, ಗಂಟು ಬಿಚ್ಚಿ, ಇಕ್ಕಳದಲ್ಲಿ ಕೆದಕಿ ಹರಡಿ, "ಹ್ಞೂಂ" ಎಂದ ಮೇಲೆಯೇ ಮಿಕ್ಕವರು ಮುಟ್ಟಬೇಕು. ಬೆಳಿಗ್ಗೆ ಮೂರು ಬೀದಿ ತಳ್ಳಿಬಂದ ತೋಳು ಅದು. ಒಂದೊಂದು ಗಂಟನ್ನೂ ಅವಸರ ಮಾಡದೆ ಬಿಚ್ಚುತ್ತದೆ.

"ನೋಡಿ ಸಾರ್, ನಮ್ಮತ್ತಿಗೆ ನನ್ನನ್ನ ಮದುವಣಗಿತ್ತಿ ಥರ ಕೂರಿಸಿಬಿಟ್ಟಿದ್ದಾಳೆ," ಎಂದು ನಗುತ್ತಾರೆ ನಾದಿನಿ. ನಗು ತುಟಿಯಿಂದ ಮೇಲೆ ಹೋಗುವುದಿಲ್ಲ. ಮನೆಯಲ್ಲಿ ನಾಲ್ಕು ವರ್ಷದ ಮಗಳಿದ್ದಾಳೆ. ಒಟ್ಟಿಗೆ ಉಂಡರೆ, ಮುದ್ದು ಮಾಡಿದರೆ ಏನೂ ಆಗುವುದಿಲ್ಲ ಎಂದು ಡಾಕ್ಟರು ಎರಡೆರಡು ಸಲ ಹೇಳಿದ್ದಾರೆ. "ಡಾಕ್ಟರು ಹೇಳ್ತಾರೆ, ಎದೆ ಕೇಳಬೇಕಲ್ಲ. ನನ್ನ ಲೋಟ ಬೇರೆ, ಟವೆಲ್ ಬೇರೆ. ಮಗಳಿಗೆ ಒಂದು ಮುತ್ತು ಕೊಟ್ಟು ಮೂರು ತಿಂಗಳಾಯ್ತು. ಅಮ್ಮ ಕೋಪ ಮಾಡ್ಕೊಂಡಿದ್ದಾಳೆ ಅಂತ ಅವಳು ಅಪ್ಪನ ಹತ್ರ ಹೇಳ್ತಾಳಂತೆ."

ನಾನು ಎದ್ದು ಹೊರಗೆ ಹೋಗಿ ಮನೆಗೆ ಫೋನು ಮಾಡುತ್ತೇನೆ. ನನ್ನ ಹಳೆಯ ಬ್ಲೇಡುಗಳು ಎಲ್ಲಿಗೆ ಹೋಗುತ್ತವೆ ಎಂದು ಹೆಂಡತಿಯನ್ನು ಕೇಳುತ್ತೇನೆ. "ಇನ್ನೆಲ್ಲಿಗೆ? ಕಸದ ಬುಟ್ಟಿಗೆ. ಇಪ್ಪತ್ತು ವರ್ಷದಿಂದ ಈಗ ಜ್ಞಾನೋದಯ ಆಯ್ತಾ?" ಎನ್ನುತ್ತಾಳೆ. ಮುಚ್ಚಳವಿರುವ ಡಬ್ಬಿ ಒಂದು ತೆಗೆದಿಡು ಎನ್ನುತ್ತೇನೆ.

ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಆಸ್ಪತ್ರೆಯ ನಾಲ್ಕನೇ ಕೌಂಟರಿನ ಮುಂದೆ ನಿಲ್ಲುತ್ತೇವೆ. ಅತ್ತಿಗೆ ನಾದಿನಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿಲ್ಲ. ಕೌಂಟರಿನವರು ಲಕೋಟೆ ಕೊಡುತ್ತಾರೆ. ನಾದಿನಿ ಅದನ್ನು ಒಣಕ್ಕನಿಗೆ ಕೊಡುತ್ತಾರೆ, ಒಣಕ್ಕ ಬಿಸಿ ಪಾತ್ರೆ ಮುಟ್ಟಿದವರಂತೆ ನನ್ನ ಕೈಗೆ ದಾಟಿಸುತ್ತಾರೆ. "ನೀವೇ ಓದಿ ಸಾರ್. ನಿಧಾನಕ್ಕೆ ಓದಿ. ಇಲ್ಲ ಬೇಡ, ಬೇಗ ಓದಿ."

ಇಪ್ಪತ್ತು ವರ್ಷದಿಂದ ಅಕ್ಷರ ಓದಿಯೇ ಹೊಟ್ಟೆ ಹೊರೆಯುವವನು ನಾನು. ಆ ಮೂರು ಸಾಲು ಓದುವುದಕ್ಕೆ ಕಣ್ಣು ನಿಲ್ಲಲಿಲ್ಲ. ಮೊದಲನೆಯ ಸಾಲು, ಇಲ್ಲ. ಎರಡನೆಯದು, ಇಲ್ಲ. ಮೂರನೆಯದನ್ನು ಬೆರಳಿಟ್ಟುಕೊಂಡು ಎರಡು ಸಲ ಓದಿದೆ. "ಯಾವುದೂ ಇಲ್ಲ ತಾಯಿ," ಎಂದೆ. "ಮೂರರಲ್ಲಿ ಯಾವುದೂ ಇಲ್ಲ."

ಒಣಕ್ಕ ಅಲ್ಲೇ ನೆಲಕ್ಕೆ ಕುಸಿದು ಕೂತು ಮುಖ ಮುಚ್ಚಿಕೊಂಡು ಅಳುತ್ತಾರೆ. "ನಾನು ಸುಳ್ಳು ಹೇಳಿದೆ ಕಣೇ. ಆ ಚೀಲ ಯಾರದ್ದು ಅಂತ ನನಗೆ ಗೊತ್ತಿತ್ತು." ನಾದಿನಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂರುತ್ತಾರೆ.

"ನನಗೂ ಗೊತ್ತಿತ್ತು ಅತ್ತಿಗೆ. ಏಳು ವರ್ಷದಿಂದ ಆ ತ್ರಿಕೋನ ಬಿಚ್ಚೋಳು ನಾನಲ್ವಾ?"

"ಮತ್ತೆ ಡಾಕ್ಟರ ಹತ್ರ ಯಾಕೆ ಹೇಳಲಿಲ್ಲ?"

"ನೀನು ಮೊದಲೇ ಗೊತ್ತಿಲ್ಲ ಅಂದುಬಿಟ್ಟೆ. ನಾನು ಗೊತ್ತು ಅಂದ್ರೆ ಎಲ್ಲರೆದುರಿಗೆ ನೀನು ಸುಳ್ಳಿ ಆಗ್ತಿದ್ದೆ. ಸಿಟ್ಟು ಬರಲಿಲ್ಲ ಅಂತಲ್ಲ. ಮಾತ್ರೆ ನುಂಗಿ ವಾಂತಿ ಮಾಡ್ಕೊಂಡಾಗೆಲ್ಲ ನಿನ್ನನ್ನ ಬೈದಿದ್ದೀನಿ, ಕಿವಿಗೆ ಬೀಳದ ಹಾಗೆ. ಹೋಗಲಿ ಬಿಡು. ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು. ಏಳು, ಕಸ ಕಾಯ್ತಾ ಇದೆ."

ದಾರಿಯಲ್ಲಿ ಒಣಕ್ಕ ನನಗೆ ಹೇಳುತ್ತಾರೆ, "ಇನ್ನು ಬರ್ಕೊಳ್ಳಿ ಸಾರ್, ಎಲ್ಲಾ ಬರ್ಕೊಳ್ಳಿ. ಪೇಪರ್ ಬರೋದರೊಳಗೆ ನಾನೇ ಟೀಚರಮ್ಮನ ಮನೆಗೆ ಹೋಗಿ ಹೇಳ್ತೀನಿ. ಅವರಿಗೆ ಇದರಲ್ಲಿ ಒಂದು ಸಾಲು ಮಾತ್ರ ಬೇರೆ ಬರೀರಿ. ಪ್ಯಾಕೆಟ್ ಮಡಿಸೋದು ನಿಲ್ಲಿಸಬೇಡಿ ಅಂತ." ಬರೆದಿದ್ದೇನೆ. ಟೀಚರಮ್ಮ, ದಯವಿಟ್ಟು ನಿಲ್ಲಿಸಬೇಡಿ.

ಶೆಡ್ಡಿನ ಮೇಜಿನ ಮೇಲೆ ನಲವತ್ತು ಚೀಲ ಹಾಗೇ ಇವೆ. ಒಣಕ್ಕ ಚರ್ಮದ ಗ್ಲೌಸಿಗೆ ಕೈ ಚಾಚುತ್ತಾರೆ. ಅಷ್ಟರಲ್ಲಿ ನಾದಿನಿ ಅದನ್ನು ಎತ್ತಿಕೊಂಡು ತಮ್ಮ ಕೈಗೆ ತೊಟ್ಟಾಗಿದೆ. ಒಂದು ಚೀಲವನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. ಒಳಗೇನಿದೆಯೋ ಬಲ್ಲವರಿಲ್ಲ. ಇನ್ನೊಂದು ಕೈಗೆ ಇಕ್ಕಳ ತೆಗೆದುಕೊಳ್ಳುತ್ತಾರೆ.

"ಸರಿ ಅತ್ತಿಗೆ ಆ ಕಡೆ," ಎನ್ನುತ್ತಾರೆ. "ಇವತ್ತು ಮೊದಲ ಕೈ ನಂದು."