ಕಲ್ಲೋಳಿಯ ಬಾಗಿಲು, ಹಳೆಯ ಕಂಪ್ಯೂಟರು

ಕಳೆದ ವರ್ಷ ದೀಪಾವಳಿ ಮುಗಿದ ಮೊದಲ ಸೋಮವಾರ, ಮೂಡಲಗಿಯಲ್ಲಿರುವ ನಮ್ಮ ವೈನಿಯ ಕೆತ್ತನೆ ಅಂಗಡಿಯಲ್ಲಿ ಒಂದು ಸಾಗುವಾನಿ ಹಲಗೆ ಕೆಟ್ಟಿತು. ನಾನು ಅಲ್ಲೇ ಇದ್ದೆ.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಬಾಗಿಲು, ಮಂಚದ ತಲೆಹಲಗೆಗಳ ಮೇಲೆ ಕಂಪ್ಯೂಟರ್ ಹೇಳಿದಂತೆ ಹೂಬಳ್ಳಿ ಕೊರೆಯುವ ಯಂತ್ರ ಅವರದು. ಕಂಪ್ಯೂಟರ್ ಹಳೆಯದು, ನಾನು ಕೆಲಸ ಮಾಡುವ ಗೋಕಾಕದ ಪತ್ರಿಕಾ ಕಚೇರಿ ಅದನ್ನು ಗುಜರಿಗೆ ಹಾಕುವಾಗ ಕೇಳಿ ಪಡೆದಿದ್ದರು. ಅದಕ್ಕೆ ಲಿನಕ್ಸ್ ಎಂಬ ಪುಕ್ಕಟೆ ಕಾರ್ಯವ್ಯವಸ್ಥೆ ಹಾಕಿ, ಹಿಂದೆ ಪ್ರಿಂಟರ್ ಸಿಕ್ಕಿಸುತ್ತಿದ್ದ ಅಗಲ ಕಿಂಡಿಗೆ ಯಂತ್ರದ ತಂತಿ ಜೋಡಿಸಿದ್ದರು. ಆ ತಂತಿಯಲ್ಲಿ ಒಂದೇ ಸಮನೆ ಮಿಡಿತಗಳು ಹೋಗುತ್ತಿರಬೇಕು. ಒಂದೊಂದು ಮಿಡಿತಕ್ಕೆ ಮೋಟರ್ ಕೂದಲೆಳೆಯಷ್ಟು ಸರಿಯುತ್ತದೆ. ಕಂಪ್ಯೂಟರ್ ಬೇರೆ ಕೆಲಸಕ್ಕೆ ಹೊರಳಿ ಎವೆ ಬಡಿಯುವುದಕ್ಕಿಂತ ಕಡಿಮೆ ತಡ ಮಾಡಿದರೂ ಮೋಟರ್ ಮುಗ್ಗರಿಸುತ್ತದೆ. ಅಲ್ಲಿಂದ ಮುಂದೆ ಕೊರೆದದ್ದೆಲ್ಲ ಪಕ್ಕಕ್ಕೆ ಹೋಗುತ್ತದೆ.

ಹಲಗೆ ಕಲ್ಲೋಳಿಯ ರೈತರೊಬ್ಬರದು, ಅವರದೇ ಹೊಲದ ಬದುವಿನ ಮರದ್ದು. ಬಾಗಿಲಿನ ಅಗಲಕ್ಕೆ ಮೂರೇ ಹಲಗೆ ಸಿಕ್ಕಿದ್ದವು: ಎರಡು ಕದಗಳಿಗೆ ಎರಡು, ಇರಲಿ ಎಂದು ಇನ್ನೊಂದು. ಅವರು ಯಂತ್ರದ ಪಕ್ಕ ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಿದ್ದರು.

“ತಂಗಿ, ನವಿಲ ಎಲ್ಲಿತನಾ ಬಂತು? ನನಗ ಬರೀ ಧೂಳ ಕಾಣತೈತಿ.”

“ಇಲ್ಲಿ ನೋಡ್ರಿ ಕಾಕಾ,” ಎಂದು ವೈನಿ ಪರದೆಯ ಮೇಲಿನ ನವಿಲಿನ ಚಿತ್ರವನ್ನು ಮೌಸಿನಿಂದ ಹಿಡಿದು ಅವರ ಕಡೆ ತಿರುಗಿಸಿದರು. ಯಂತ್ರ ಒಮ್ಮೆ ಗುರ್ ಎಂದಿತು. ಧೂಳು ಒರೆಸಿ ನೋಡಿದಾಗ ನವಿಲಿನ ಕುತ್ತಿಗೆಯಿಂದ ಕೆಳಗಿನದೆಲ್ಲ ಎರಡು ಬೆರಳು ಅತ್ತ ಸರಿದಿತ್ತು.

ರೈತರು ಬೈಯಲಿಲ್ಲ. “ಇನ್ನ ಎರಡ ಉಳದಾವ. ಇವು ಹೋದ್ರ ಮತ್ತ ಎಲ್ಲಿಂದ ತರಲಿ? ಮರಾ ಅಂತೂ ಇಲ್ಲ.”

“ಈ ಕಂಪ್ಯೂಟರ್ ಸರಿ ಆಗೂತನಾ ಅವಕ್ಕ ಕೈ ಹಚ್ಚಂಗಿಲ್ಲ ಕಾಕಾ.”

ತಡ ಎಷ್ಟೆಂದು ಅಳೆಯಲು ಲಿನಕ್ಸಿನಲ್ಲಿ ಒಂದು ಪರೀಕ್ಷೆ ಇದೆ. ಅದು ಅಲ್ಲಿಯವರೆಗಿನ ಅತಿ ಕೆಟ್ಟ ತಡವನ್ನು ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗದ ಲೆಕ್ಕದಲ್ಲಿ, ಅಂಕಿಯಲ್ಲಿ ತೋರಿಸುತ್ತದೆ. ಅಂಕಿ ಚಿಕ್ಕದಿದ್ದಷ್ಟೂ ಒಳ್ಳೆಯದು. ಯಂತ್ರ ಕೂರಿಸುವ ಮೊದಲು ವೈನಿ ಅದನ್ನು ನಡೆಸಿದ್ದರು. ಆದರೆ ಆಗ ಅಣ್ಣನನ್ನೂ ಹೊರಗೆ ಕಳಿಸಿ, ಮೌಸನ್ನು ಯಾರೂ ಮುಟ್ಟದಂತೆ ಕಾದಿದ್ದರು. ಐದಂಕಿಯ ಸಣ್ಣ ಸಂಖ್ಯೆ ಬಂದಿತ್ತು. ಈಗ ರೈತರು ಹೋದ ಮೇಲೆ ಪರೀಕ್ಷೆ ಹಚ್ಚಿ, ಜೊತೆಗೇ ನವಿಲನ್ನು ತಿರುಗಿಸಿದರು. ಸಂಖ್ಯೆ ಆರಂಕಿಗೆ ಹಾರಿತು.

“ಸುಮ್ನ ನಿಂತಾಗ ನೋಡಿ ಪಾಸ್ ಮಾಡೇನಿ,” ಎಂದರು. “ನಮ್ಮಪ್ಪ ನೇಗಿಲಕ್ಕ ಹೂಡಿ ನೋಡದನ ಎತ್ತ ತಂದಿದ್ರ ನಮ್ಮವ್ವ ಮನಿಯೊಳಗ ಬಿಟ್ಕೋತಿರಲಿಲ್ಲ.”

ಅಂದಿನಿಂದ ಪರೀಕ್ಷೆಯ ರೀತಿ ಬದಲಾಯಿತು. ಪರೀಕ್ಷೆ ನಡೆಯುವಾಗ ಚಿತ್ರ ತಿರುಗಿಸುವುದು, ಹಾಡು ಹಚ್ಚುವುದು, ಪೆನ್‌ಡ್ರೈವಿಗೆ ಫೈಲು ತುಂಬುವುದು, ಎಲ್ಲ ಒಟ್ಟಿಗೆ.

“ಪರೀಕ್ಷಾ ಬರಿಯೂ ಹುಡುಗನ ಕಿವಿ ಹಿಂಡಿದಂಗಾತಲ್ಲ ಇದು,” ಎಂದ ಅಣ್ಣ.

“ನೀವೂ ಒಂದ ಕಿವಿ ಹಿಡೀರಿ,” ಎಂದು ವೈನಿ ಮೌಸನ್ನು ಅವನ ಕೈಗೆ ಕೊಟ್ಟರು.

ಒಂದು ಸಲಕ್ಕೆ ಒಂದೇ ಬದಲಾವಣೆ, ಆಮೇಲೆ ಪರೀಕ್ಷೆ. ಕಂಪ್ಯೂಟರಿನ ಸೌಂಡ್ ಬಂದ್ ಮಾಡಿದರು. ಕರೆಂಟು ಉಳಿಸಲು ಅದು ನಡುನಡುವೆ ತೂಕಡಿಸುವುದನ್ನು ತಪ್ಪಿಸಿದರು. ಪ್ರೊಸೆಸರಿನ ಎರಡು ಭಾಗಗಳಲ್ಲಿ ಒಂದನ್ನು ಮಿಡಿತದ ಕೆಲಸಕ್ಕಷ್ಟೇ ಮೀಸಲಿಟ್ಟರು. ಪ್ರತಿಸಲ ಸಂಖ್ಯೆ ಇಳಿಯಿತು. ನವಿಲು ತಿರುಗಿಸಿದರೆ ಮಾತ್ರ ಮತ್ತೆ ಆರಂಕಿ.

ಹೊಸದು ಕೊಳ್ಳಬಾರದೇ ಎಂದು ಕೇಳಿದೆ.

“ಹೊಸಾದರಾಗ ಈ ತಂತಿ ಹಚ್ಚೂ ಕಿಂಡೀನ ಇಲ್ಲ ತಮ್ಮಾ. ಏನ್, ಕಿಂಡೀನ ನೀವ ಕೊರದ ಕೊಡ್ತೀರಿ?”

ಚಿತ್ರ ಬಿಡಿಸುವ ಹೊರೆಯನ್ನು ಬೇರೊಂದು ಗ್ರಾಫಿಕ್ಸ್ ಕಾರ್ಡಿಗೆ ವಹಿಸುವುದೊಂದೇ ಉಳಿದಿತ್ತು. ಹುಕ್ಕೇರಿಯಲ್ಲಿ ಹಳೆಯ ಕಂಪ್ಯೂಟರ್ ಭಾಗಗಳನ್ನು ಮಾರುವ ಒಬ್ಬರಿದ್ದಾರೆ. ಅವರಿಂದ ತಂದ ಮೊದಲ ಕಾರ್ಡಿಗೆ ಸಂಖ್ಯೆ ಇನ್ನೂ ಏರಿತು. ಗೋಕಾಕದಲ್ಲಿ ನನ್ನನ್ನು ಕರೆದುಕೊಂಡು ವೈನಿ ಮತ್ತೆ ಹುಕ್ಕೇರಿ ಬಸ್ಸು ಹತ್ತಿದರು.

“ಚಿತ್ರ ಬರಾಂಗಿಲ್ಲೇನ ತಂಗಿ?” ಎಂದರು ಅಂಗಡಿಯವರು.

“ಛಲೋ ಬರತೈತಿ ಭಾಯಿ. ನಡುವ ಒಂದ ಚೂರ ತಡಾ ಮಾಡತೈತಿ.”

“ಎಷ್ಟ ಚೂರು?”

“ಕಣ್ಣಿಗೆ ಕಾಣದಷ್ಟು.”

ಅವರು ನನ್ನ ಕಡೆ ತಿರುಗಿದರು. “ಕಣ್ಣಿಗೆ ಕಾಣದ್ದಕ್ಕೂ ಗಿರಾಕಿ ಮಾಲ ವಾಪಸ್ ತರಾಕತ್ರ ನಾ ಅಂಗಡಿ ಮುಚ್ಚೂದ ಛಲೋ.”

“ನಿಮಗ ಕಾಣಂಗಿಲ್ಲ, ಹಲಗಿಗೆ ಕಾಣತೈತಿ. ಬ್ಯಾರೆ ಕೊಡ್ರಿ.”

ನಗುತ್ತಲೇ ರಾಶಿಯ ತಳದಿಂದ ಫ್ಯಾನಿಲ್ಲದ ಒಂದು ಸಣ್ಣ ಕಾರ್ಡ್ ತೆಗೆದುಕೊಟ್ಟರು. ಅದನ್ನು ಹಾಕಿ ನವಿಲು ತಿರುಗಿಸಿದಾಗ ಸಂಖ್ಯೆ ಐದಂಕಿ ದಾಟಲಿಲ್ಲ. ಮರುದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ವೈನಿ, ಅಣ್ಣ ಸರದಿಯ ಮೇಲೆ ಕಂಪ್ಯೂಟರನ್ನು ಕಾಡಿದರು, ದಾಟಲಿಲ್ಲ. ಕೆಟ್ಟ ಹಲಗೆಯನ್ನು ಮಗುಚಿ, ಅದರ ಬೆನ್ನ ಮೇಲೆ ಇಡೀ ನವಿಲನ್ನು ಕೊರೆದು ನೋಡಿದರು. ಸರಿಯಾಗಿ ಬಂತು. ಆಮೇಲೆ ಕಲ್ಲೋಳಿಗೆ ಫೋನ್ ಮಾಡಿದರು.

ರೈತರು ಬಂದು ಕುರ್ಚಿಯನ್ನು ದೂರ ಹಾಕಿಕೊಂಡರು. ಎಡಗದದ ಹಲಗೆ ಮೇಜಿಗೇರಿ, ಕೊರೆತ ನವಿಲಿನ ಕುತ್ತಿಗೆಗೆ ಬಂತು.

“ಇವತ್ತ ಯಾಕ ಕೇಳವಲ್ರಿ ಕಾಕಾ, ಎಲ್ಲಿತನಾ ಬಂತಂತ?”

“ಬ್ಯಾಡ ತಂಗಿ. ಅದರ ತಂಟೇಕ ಹೋಗಬ್ಯಾಡ. ಚಹಾ ಅಷ್ಟ ಕೊಡು.”

“ನಂಬಿಕಿ ಇರಲಿಲ್ಲಂದ್ರ ಈಗ ನಿಲ್ಲಸ್ತೇನಿ. ಬ್ಯಾರೆ ಕಡೆ ಒಯ್ದ ಮಾಡಸ್ರಿ.” ವೈನಿ ಮೌಸನ್ನು ಅವರತ್ತ ಸರಿಸಿದರು. “ನಂಬಿಕಿ ಇದ್ರ ನೀವ ತಿರುಗಸ್ರಿ.”

ರೈತರು ಹಲಗೆಯನ್ನು ನೋಡಿದರು, ವೈನಿಯನ್ನು ನೋಡಿದರು. ಕೈಯನ್ನು ಧೋತರಕ್ಕೆ ಒರೆಸಿಕೊಂಡು, ಕುರ್ಚಿ ಹತ್ತಿರ ಎಳೆದುಕೊಂಡು ಮೌಸ್ ಹಿಡಿದರು. ಪರದೆಯ ಮೇಲೆ ನವಿಲು ಒಂದು ಸುತ್ತು ತಿರುಗಿತು. ಯಂತ್ರದ ಸದ್ದು ಬದಲಾಗಲಿಲ್ಲ. ಅವರು ಇನ್ನೊಂದು ಸುತ್ತು ತಿರುಗಿಸಿದರು.

ಎಡಗದ ಅಂದೇ ಮುಗಿಯಿತು. ಬಲಗದವನ್ನು ಅದೇ ವಾರ ಕೊರೆದರು. ಬಾಗಿಲು ಈಗ ಕಲ್ಲೋಳಿಯ ಮನೆಯ ಚೌಕಟ್ಟಿನಲ್ಲಿ ಕೂತಿದೆ. ಪಾಲಿಶ್ ಬಾಕಿ ಇದೆ.